‘ಆಯ್ತು’ ಅಂದರೆ ಏನಾಯ್ತು?

ವಿಮಾನದ ಪೈಲಟ್ ಮತ್ತು ನೆಲದ ಮೇಲಿನ ಕಂಟ್ರೋಲರ್ ಸಾಮಾನ್ಯವಾಗಿ ಒಬ್ಬರ ಮುಖ ಒಬ್ಬರು ನೋಡಿರುವುದಿಲ್ಲ. ಒಬ್ಬರು ಮೋಡದ ಮೇಲೆ. ಇನ್ನೊಬ್ಬರು ಗಾಜಿನ ಗೋಪುರದಲ್ಲೋ, ರೇಡಾರ್ ಪರದೆಯ ಮುಂದೋ. ಇಬ್ಬರ ನಡುವೆ ಇರುವುದು ರೇಡಿಯೊದಲ್ಲಿ ಬರುವ ದನಿ ಮಾತ್ರ. ಹಿಂದೆ ಕೂತ ನೂರಾರು ಜನರ ಜೀವ ಆ ದನಿಯ ಮೇಲೆ ನಿಂತಿರುತ್ತದೆ.

ನಮ್ಮ ಜಿಲ್ಲೆಯ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾದದ್ದು 2023ರ ಫೆಬ್ರವರಿ 27ರಂದು. ಆಗಸ್ಟ್ 31ಕ್ಕೆ ಬೆಂಗಳೂರಿನಿಂದ ಮೊದಲ ಪ್ರಯಾಣಿಕರ ವಿಮಾನ ಬಂತು. ಸುತ್ತಲಿನ ಊರಿನವರೆಲ್ಲ ವಿಮಾನ ನೋಡಿದರು. ನನ್ನ ಕಣ್ಣು ಮಾತ್ರ ಆ ಗೋಪುರದ ಮೇಲೆ ನೆಟ್ಟಿತ್ತು. ಅಲ್ಲಿ ಕೂತವರು ಮೇಲಿದ್ದವರ ಹತ್ತಿರ ಏನು ಮಾತಾಡುತ್ತಾರೆ? ಹೇಗೆ ಮಾತಾಡುತ್ತಾರೆ? ಯಾರಿಗೆ ಯಾರು ‘ಸಾರ್’ ಅನ್ನುತ್ತಾರೆ?

ನಾನು ಜಿಲ್ಲಾ ಸ್ಟ್ರಿಂಗರ್. ದಿನದ ಅರ್ಧ ಕೆಲಸ ಫೋನಿನಲ್ಲೇ. ಸಿಗ್ನಲ್ ಇಲ್ಲದ ಗುಡ್ಡದ ಮೇಲೆ ನಿಂತು ಬೆಂಗಳೂರಿನ ಡೆಸ್ಕ್‌ಗೆ ಊರ ಹೆಸರು, ಗಾಯಾಳುಗಳ ವಯಸ್ಸು, ಅಡಿಕೆ ಧಾರಣೆ ಹೇಳಿ ಹೇಳಿ ಗಂಟಲು ಒಣಗಿದೆ. ಅದಕ್ಕೇ ಇರಬೇಕು, ಕಾಣದ ಮನುಷ್ಯನಿಗೆ ದನಿಯಿಂದಲೇ ವಿಷಯ ಮುಟ್ಟಿಸುವ ಕೆಲಸದ ಬಗ್ಗೆ ನನಗೆ ಕುತೂಹಲ.

ನಮ್ಮೂರಲ್ಲಿ ವಾಯುಸೇನೆಯಿಂದ ನಿವೃತ್ತರಾದ ಒಬ್ಬರಿದ್ದಾರೆ. ರೇಡಿಯೊ ವಿಭಾಗದಲ್ಲಿದ್ದವರು. ಊರಿಗೆಲ್ಲ ಅವರು ‘ಮಿಲ್ಟ್ರಿ ಮಾವ’. ಅವರ ಜಗಲಿಗೆ ಹೋಗಿ ಕೇಳಿದೆ.

“ಮಾವ, ಪೈಲಟ್‌ಗಳು ಅಷ್ಟು ಚುಟುಕಾಗಿ, ಸಿಡುಕಿದ ಹಾಗೆ ಮಾತಾಡ್ತಾರಲ್ಲ, ಅದು ಒರಟುತನ ಅಲ್ವಾ?”

“ಒರಟಲ್ಲ ಮಾರಾಯ. ಅದೇ ಅವರ ಮರ್ಯಾದೆ” ಅಂದರು.

ಆ ಮಾತು ಅರ್ಥವಾಗಲು ನನಗೆ ತುಂಬಾ ದಿನ ಬೇಕಾಯಿತು. ಅರ್ಥವಾದಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕೇಳು, ಆಮೇಲೆ ಮಾತಾಡು

ವಿಮಾನದ ರೇಡಿಯೊ ನಮ್ಮ ಮೊಬೈಲ್ ಫೋನಿನ ಹಾಗಲ್ಲ. ಫೋನಿನಲ್ಲಿ ಇಬ್ಬರೂ ಒಟ್ಟಿಗೆ ಮಾತಾಡಬಹುದು, ಜಗಳವನ್ನೂ ಆಡಬಹುದು. ರೇಡಿಯೊದಲ್ಲಿ ಒಂದು ಹೊತ್ತಿಗೆ ಒಬ್ಬರೇ. ಗುಂಡಿ ಒತ್ತಿ ಮಾತಾಡಬೇಕು, ಬಿಟ್ಟ ಮೇಲೆ ಕೇಳಿಸಿಕೊಳ್ಳಬೇಕು. ಅದೇ ತರಂಗದಲ್ಲಿ ಹತ್ತಾರು ವಿಮಾನಗಳು ಕಿವಿಕೊಟ್ಟು ಕೂತಿರುತ್ತವೆ. ಇಬ್ಬರು ಒಟ್ಟಿಗೆ ಗುಂಡಿ ಒತ್ತಿದರೆ ಉಳಿದವರಿಗೆ ಕೇಳುವುದು ‘ಕೀಂ’ ಎಂಬ ಕೀರಲು ಶಬ್ದ. ಇಬ್ಬರ ಮಾತೂ ಹಾಳು.

ಹಾಗಾಗಿ ಮೊದಲ ನಿಯಮ, ಬಾಯಿ ತೆರೆಯುವ ಮುಂಚೆ ಕಿವಿ ತೆರೆ. ಬೇರೆಯವರ ಮಾತು ಮುಗಿದಿದೆಯಾ? ಅವರಿಗೆ ಬರಬೇಕಾದ ಉತ್ತರ ಬಂದಿದೆಯಾ? ಬಂದ ಮೇಲೆ ನಿನ್ನ ಸರದಿ. ಮೊದಲು ಯಾರನ್ನು ಕರೆಯುತ್ತಿದ್ದೇನೆ, ಆಮೇಲೆ ನಾನು ಯಾರು, ಆಮೇಲೆ ಎಲ್ಲಿದ್ದೇನೆ, ಕೊನೆಗೆ ಏನು ಬೇಕು. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ ಹಾಗೆ ‘ಮತ್ತೆ, ಏನ್ ಸಮಾಚಾರ’ ಎಂದು ಎಳೆಯುವ ಹಾಗಿಲ್ಲ. ನಮ್ಮ ದೇಶದಲ್ಲಿ ‘ನಮಸ್ಕಾರ್’ ಎಂದು ಹೇಳುವ ಪೈಲಟ್‌ಗಳಿದ್ದಾರೆ, ಕಂಟ್ರೋಲರ್‌ಗಳಿದ್ದಾರೆ. ಅದೊಂದು ಮಾತು. ಅಲ್ಲಿಗೆ ಮುಗಿಯಿತು. ಹೆಚ್ಚು ಮಾತಾಡಿದ ಪ್ರತಿ ಕ್ಷಣವೂ ಇನ್ನೊಬ್ಬರ ಸರದಿಯಿಂದ ಕದ್ದದ್ದು.

ಜಗಳಕ್ಕೂ ಅಲ್ಲಿ ಜಾಗವಿಲ್ಲ. ಅಮೆರಿಕದಲ್ಲಿ ಪೈಲಟ್ ಏನಾದರೂ ತಪ್ಪು ಮಾಡಿದರೆ ಕಂಟ್ರೋಲರ್ ರೇಡಿಯೊದಲ್ಲಿ ಕೂಗಾಡಬೇಕಾಗಿಲ್ಲ. ಒಂದು ಫೋನ್ ನಂಬರ್ ಕೊಟ್ಟು, ಇಳಿದ ಮೇಲೆ ಇದಕ್ಕೆ ಕರೆ ಮಾಡಿ ಎನ್ನುತ್ತಾರೆ. ವಿಚಾರಣೆ ನೆಲಕ್ಕೆ ಬಂದ ಮೇಲೆ. ಆಕಾಶದಲ್ಲಿರುವಷ್ಟು ಹೊತ್ತು ಕೆಲಸ ಮಾತ್ರ.

ಪ್ರತಿ ವಿಮಾನಕ್ಕೂ ಕರೆಯುವ ಹೆಸರಿದೆ. ಇಂಡಿಗೊ ವಿಮಾನವನ್ನು ರೇಡಿಯೊದಲ್ಲಿ ಕರೆಯುವುದು ‘ಐಫ್ಲೈ’ ಎಂದು, ಜೊತೆಗೆ ಒಂದು ಸಂಖ್ಯೆ. 512 ಮತ್ತು 521 ಒಂದೇ ಹೊತ್ತಿಗೆ ಬಂದರೆ ಕಂಟ್ರೋಲರ್ ಇಬ್ಬರಿಗೂ ಎಚ್ಚರಿಸಬೇಕು, ಒಂದೇ ತರಹದ ಹೆಸರಿದೆ, ಜೋಪಾನ ಎಂದು. ನಮಗಿದು ಹೊಸತಲ್ಲ. ಒಂದೇ ಓಣಿಯಲ್ಲಿ ಇಬ್ಬರು ಮಂಜುನಾಥ ಇದ್ದರೆ ಒಬ್ಬನ ಕೊರಿಯರ್ ಇನ್ನೊಬ್ಬನ ಮನೆಗೆ ಹೋಗುತ್ತದೆ. ಅಲ್ಲಿ ಒಬ್ಬನಿಗೆ ಹೇಳಿದ ಎತ್ತರಕ್ಕೆ ಇನ್ನೊಬ್ಬ ಇಳಿದುಬಿಡುತ್ತಾನೆ.

ಹೇಳಿದ್ದನ್ನು ತಿರುಗಿ ಹೇಳು

ಎರಡನೆಯ ನಿಯಮವೇ ಎಲ್ಲಕ್ಕಿಂತ ದೊಡ್ಡದು. ಕಂಟ್ರೋಲರ್ ‘ಒಂಬತ್ತು ಸಾವಿರ ಅಡಿಗೆ ಇಳಿಯಿರಿ’ ಎಂದರೆ ಪೈಲಟ್ ‘ಸರಿ’ ಎನ್ನುವಂತಿಲ್ಲ. ‘ಒಂಬತ್ತು ಸಾವಿರ ಅಡಿಗೆ ಇಳಿಯುತ್ತಿದ್ದೇವೆ’ ಎಂದು ತನ್ನ ವಿಮಾನದ ಹೆಸರು ಸೇರಿಸಿ ತಿರುಗಿ ಹೇಳಬೇಕು. ಯಾವ ರನ್‌ವೇ, ಎಷ್ಟು ಎತ್ತರ, ಯಾವ ದಿಕ್ಕು, ಎಷ್ಟು ವೇಗ ಎಂಬುದನ್ನೆಲ್ಲ ಹೀಗೆ ತಿರುಗಿ ಹೇಳಬೇಕು. ಇದಕ್ಕೆ ‘ರೀಡ್‌ಬ್ಯಾಕ್’ ಎಂದು ಹೆಸರು.

ಹೇಳಿ ಮುಗಿಸಿದರೆ ಪೈಲಟ್‌ನ ಪಾಲು ಮುಗಿಯಿತು. ಈಗ ಕಂಟ್ರೋಲರ್ ಅದನ್ನು ಕಿವಿಗೊಟ್ಟು ಕೇಳಬೇಕು. ತಾನು ಹೇಳಿದ್ದೇ ಬಂತಾ, ಬೇರೆ ಬಂತಾ? ಬೇರೆ ಬಂದರೆ ಆ ಕ್ಷಣವೇ ತಿದ್ದಬೇಕು. ಹೇಳಿದವನದು ಒಂದು ಕೈ, ಕೇಳಿದವನದು ಒಂದು ಕೈ. ಎರಡೂ ಸೇರಿದರೆ ಚಪ್ಪಾಳೆ.

1989ರ ಫೆಬ್ರವರಿ 19ರಂದು ಮಲೇಷ್ಯಾದ ಕೌಲಾಲಂಪುರ ಹತ್ತಿರ ಈ ಚಪ್ಪಾಳೆ ತಪ್ಪಿತು. ಫ್ಲೈಯಿಂಗ್ ಟೈಗರ್ ಕಂಪನಿಯ ಸರಕು ಸಾಗಿಸುವ ಜಂಬೋ ವಿಮಾನ ಇಳಿಯಲು ಬರುತ್ತಿತ್ತು. ಕಂಟ್ರೋಲರ್ ಹೇಳಿದ್ದು 2,400 ಅಡಿಗೆ ಇಳಿಯಿರಿ ಎಂದು. ಇಂಗ್ಲಿಷಿನಲ್ಲಿ ಅಂಕಿಗಳನ್ನು ಬಿಡಿಸಿ ಹೇಳುವಾಗ ‘ಡಿಸೆಂಡ್ ಟು ಫೋರ್ ಜೀರೊ ಜೀರೊ’ ಎಂದಾಯಿತು. ಇಂಗ್ಲಿಷಿನಲ್ಲಿ ‘ಟು’ ಎಂದರೆ ಎರಡು ಎಂಬ ಅಂಕಿಯೂ ಹೌದು, ‘ಇಷ್ಟಕ್ಕೆ’ ಎನ್ನುವಾಗ ಬರುವ ‘ಕ್ಕೆ’ಯೂ ಹೌದು. ಪೈಲಟ್‌ಗಳಿಗೆ ಕೇಳಿಸಿದ್ದು ‘ನಾನೂರಕ್ಕೆ ಇಳಿಯಿರಿ’ ಎಂದು. ಅವರು ತಿರುಗಿ ಹೇಳಿದರು, ‘ಓಕೆ, ಫೋರ್ ಜೀರೊ ಜೀರೊ’ ಎಂದು. ತಪ್ಪು ಅಲ್ಲೇ ಬೆತ್ತಲಾಗಿ ನಿಂತಿತ್ತು. ಯಾರೂ ತಿದ್ದಲಿಲ್ಲ. ವಿಮಾನ ಗುಡ್ಡಕ್ಕೆ ಬಡಿಯಿತು. ಒಳಗಿದ್ದ ನಾಲ್ವರೂ ಸತ್ತರು.

ಒಂದು ‘ಟು’. ಅಷ್ಟೇ.

ಅದಕ್ಕೇ ಅಲ್ಲಿ ಅಂಕಿ, ಅಕ್ಷರಗಳಿಗೆ ಬೇರೆಯದೇ ಉಚ್ಚಾರ. ಮೂರಕ್ಕೆ ‘ತ್ರೀ’ ಅಲ್ಲ, ‘ಟ್ರೀ’. ಐದಕ್ಕೆ ‘ಫೈಫ್’. ಒಂಬತ್ತಕ್ಕೆ ‘ನೈನರ್’, ಯಾಕೆಂದರೆ ಗರಗರ ಶಬ್ದದಲ್ಲಿ ಫೈವ್ ಮತ್ತು ನೈನ್ ಒಂದೇ ತರಹ ಕೇಳುತ್ತವೆ. ಎ, ಬಿ, ಸಿ ಬದಲು ಆಲ್ಫಾ, ಬ್ರಾವೊ, ಚಾರ್ಲಿ ಎನ್ನುವ ಈಗಿನ ಪಟ್ಟಿ 1956ರಿಂದ ಜಗತ್ತಿನಾದ್ಯಂತ ನಡೆಯುತ್ತಿದೆ.

ಡೆಸ್ಕ್‌ಗೆ ಫೋನ್ ಮಾಡುವ ನಾವು ‘ಕಮಲದ ಕ, ಗಣಪತಿಯ ಗ’ ಎನ್ನುವುದಿಲ್ಲವಾ, ಹಾಗೆ. ಅಡಿಕೆ ಮಂಡಿಯ ಧಾರಣೆ ಫೋನಿನಲ್ಲಿ ಕೇಳಿದವರಿಗೆ ಗೊತ್ತು, ‘ಎಪ್ಪತ್ತು’ ಮತ್ತು ‘ಎಂಬತ್ತು’ ಮಳೆಗಾಲದ ಫೋನಿನಲ್ಲಿ ಅಣ್ಣ ತಮ್ಮ. ‘ಏಳು ಸೊನ್ನೆಯಾ, ಎಂಟು ಸೊನ್ನೆಯಾ?’ ಎಂದು ಕೇಳುವ ರೈತ ಯಾವ ಪೈಲಟ್‌ಗೂ ಕಡಿಮೆ ಇಲ್ಲ.

‘ರೋಜರ್’ ಅಂದರೆ ಒಪ್ಪಿಗೆ ಅಲ್ಲ

ಸಿನಿಮಾ ನೋಡಿ ನಾವೆಲ್ಲ ‘ರೋಜರ್’ ಅಂದರೆ ‘ಆಗಲಿ, ಮಾಡ್ತೀನಿ’ ಅಂದುಕೊಂಡಿದ್ದೇವೆ. ಅಲ್ಲ. ರೋಜರ್ ಅಂದರೆ ‘ನೀವು ಹೇಳಿದ್ದೆಲ್ಲ ನನಗೆ ಕೇಳಿಸಿತು’ ಎಂದು ಮಾತ್ರ. ಒಪ್ಪಿದೆ ಅಂತಲ್ಲ, ಮಾಡುತ್ತೇನೆ ಅಂತಲೂ ಅಲ್ಲ. ಮಾಡುತ್ತೇನೆ ಎನ್ನಲು ಬೇರೆ ಪದ ಇದೆ, ‘ವಿಲ್ಕೊ’. ಹೌದು ಎನ್ನಲು ‘ಅಫರ್ಮ್’. ಅಲ್ಲ ಎನ್ನಲು ‘ನೆಗೆಟಿವ್’. ಸ್ವಲ್ಪ ತಾಳಿ ಎನ್ನಲು ‘ಸ್ಟ್ಯಾಂಡ್ ಬೈ’. ಇನ್ನೊಮ್ಮೆ ಹೇಳಿ ಎನ್ನಲು ‘ಸೇ ಅಗೇನ್’. ಆಗುವುದಿಲ್ಲ ಎನ್ನಲು ‘ಅನೇಬಲ್’.

ಒಂದು ಪದಕ್ಕೆ ಒಂದೇ ಅರ್ಥ. ಈ ಕಟ್ಟುನಿಟ್ಟಿಗೆ ಜಗತ್ತು ಎಂಥ ಬೆಲೆ ತೆತ್ತಿತು ಎಂಬುದು 1977ರ ಮಾರ್ಚ್ 27ರ ಕಥೆ.

ಸ್ಪೇನ್ ದೇಶಕ್ಕೆ ಸೇರಿದ ಟೆನರೀಫ್ ದ್ವೀಪ. ಅಂದು ಪಕ್ಕದ ದ್ವೀಪದ ವಿಮಾನ ನಿಲ್ದಾಣದಲ್ಲಿ ಬಾಂಬ್ ಸ್ಫೋಟವಾಗಿ, ಅಲ್ಲಿಗೆ ಹೋಗಬೇಕಿದ್ದ ವಿಮಾನಗಳನ್ನೆಲ್ಲ ಟೆನರೀಫ್‌ನ ಚಿಕ್ಕ ನಿಲ್ದಾಣಕ್ಕೆ ತಿರುಗಿಸಿದ್ದರು. ಜಾಗ ಸಾಲದು. ದಟ್ಟ ಮಂಜು. ಒಂದೇ ರನ್‌ವೇ ಮೇಲೆ ಎರಡು ಜಂಬೋ ವಿಮಾನಗಳು. ಒಂದು ಡಚ್ ಕಂಪನಿ ಕೆಎಲ್‌ಎಂನದು, ರನ್‌ವೇಯ ತುದಿಯಲ್ಲಿ ಹಾರಲು ಸಿದ್ಧವಾಗಿ ನಿಂತಿತ್ತು. ಇನ್ನೊಂದು ಅಮೆರಿಕದ ಪ್ಯಾನ್ ಆ್ಯಮ್‌ನದು, ಅದೇ ರನ್‌ವೇ ಮೇಲೆ ಎದುರಿಂದ ನಿಧಾನ ತೆವಳಿ ಬರುತ್ತಿತ್ತು. ಮಂಜಿನಲ್ಲಿ ಒಬ್ಬರಿಗೊಬ್ಬರು ಕಾಣರು. ಗೋಪುರದವರಿಗೆ ಇಬ್ಬರೂ ಕಾಣರು.

ಕಂಟ್ರೋಲರ್ ಕೆಎಲ್‌ಎಂಗೆ ಹಾರಿದ ಮೇಲೆ ಯಾವ ದಾರಿ ಹಿಡಿಯಬೇಕು ಎಂದು ಹೇಳಿದರು. ಆ ಮಾತಿನಲ್ಲಿ ‘ಟೇಕಾಫ್’ ಎಂಬ ಪದ ಇತ್ತು. ಹಾರಲು ಅನುಮತಿ ಇನ್ನೂ ಕೊಟ್ಟಿರಲಿಲ್ಲ. ಕೆಎಲ್‌ಎಂನ ಸಹಪೈಲಟ್ ದಾರಿಯನ್ನು ತಿರುಗಿ ಹೇಳಿ, ಕೊನೆಗೆ ‘ನಾವೀಗ ಟೇಕಾಫ್‌ನಲ್ಲಿದ್ದೇವೆ’ ಎಂಬ ಅರ್ಥ ಬರುವ ಮಾತು ಸೇರಿಸಿದರು. ಹಾರಲು ತಯಾರಾಗಿ ನಿಂತಿದ್ದೇವೆ ಎಂದೋ, ಹಾರಲು ಹೊರಟೇಬಿಟ್ಟೆವು ಎಂದೋ? ಎರಡೂ ಆಗಬಹುದಿತ್ತು. ನಿಜಕ್ಕೂ ಕ್ಯಾಪ್ಟನ್ ಆಗಲೇ ವಿಮಾನ ಓಡಿಸತೊಡಗಿದ್ದರು.

ಕಂಟ್ರೋಲರ್ ‘ಓಕೆ’ ಎಂದರು. ಒಂದು ಕ್ಷಣ ಬಿಟ್ಟು ‘ಟೇಕಾಫ್‌ಗೆ ಕಾಯಿರಿ, ನಾನು ಕರೆಯುತ್ತೇನೆ’ ಎಂದರು. ಅದೇ ಹೊತ್ತಿಗೆ ಗಾಬರಿಯಾದ ಪ್ಯಾನ್ ಆ್ಯಮ್‌ನವರು ‘ನಾವಿನ್ನೂ ರನ್‌ವೇ ಮೇಲೇ ಇದ್ದೇವೆ’ ಎಂದು ಗುಂಡಿ ಒತ್ತಿದರು. ಎರಡು ದನಿ ಒಟ್ಟಿಗೆ ಬಿತ್ತು. ಕೆಎಲ್‌ಎಂ ಒಳಗೆ ಸರಿಯಾಗಿ ಕೇಳಿಸಿದ್ದು ಆ ‘ಓಕೆ’ ಮಾತ್ರ. ಉಳಿದದ್ದು ಕೀರಲು.

ಆ ಕೀರಲಿನ ನಂತರವೂ ಒಂದು ಅವಕಾಶ ಇತ್ತು. ಮುಂದಿನ ಮಾತು ಕೇಳಿ ಕೆಎಲ್‌ಎಂನ ಫ್ಲೈಟ್ ಎಂಜಿನಿಯರ್ ಕೇಳಿದರು, ಆ ಪ್ಯಾನ್ ಆ್ಯಮ್ ರನ್‌ವೇ ಬಿಟ್ಟಿಲ್ಲವಾ ಎಂದು. ಕ್ಯಾಪ್ಟನ್ ಖಡಾಖಂಡಿತವಾಗಿ ಬಿಟ್ಟಿದೆ ಎಂದರು. ಆ ಕ್ಯಾಪ್ಟನ್ ಸಾಮಾನ್ಯರಲ್ಲ. ಕಂಪನಿಯ ಪೈಲಟ್‌ಗಳಿಗೆ ತರಬೇತಿ ಕೊಡುವವರು, ಕಂಪನಿಯ ಜಾಹೀರಾತಿನಲ್ಲಿ ಅವರದೇ ಫೋಟೊ. ಎಂಜಿನಿಯರ್ ಮತ್ತೆ ಮಾತಾಡಲಿಲ್ಲ.

583 ಜನ ಸತ್ತರು. ವಿಮಾನಯಾನದ ಇತಿಹಾಸದಲ್ಲಿ ಅದಕ್ಕಿಂತ ಹೆಚ್ಚು ಜನ ಸತ್ತ ಅಪಘಾತ ಇವತ್ತಿಗೂ ಇಲ್ಲ. ಎರಡೂ ವಿಮಾನಗಳ ಯಂತ್ರಗಳು ಸರಿಯಾಗಿದ್ದವು.

ಆಮೇಲೆ ಜಗತ್ತು ‘ಟೇಕಾಫ್’ ಎಂಬ ಪದಕ್ಕೇ ಬೇಲಿ ಹಾಕಿತು. ಹಾರಲು ಅನುಮತಿ ಕೊಡುವಾಗ ಅಥವಾ ಕೊಟ್ಟ ಅನುಮತಿ ರದ್ದು ಮಾಡುವಾಗ ಮಾತ್ರ ಆ ಪದ. ಉಳಿದೆಲ್ಲ ಕಡೆ ‘ಡಿಪಾರ್ಚರ್’. ದೇವರ ಮನೆಯ ಬೆಳ್ಳಿ ತಟ್ಟೆಯ ಹಾಗೆ, ಹಬ್ಬಕ್ಕೆ ಮಾತ್ರ ಹೊರಗೆ ತೆಗೆಯಬೇಕು.

ಕಿರಿಯರು ಹಿರಿಯರಿಗೆ ಎದುರು ಹೇಳುವುದನ್ನೂ ತರಬೇತಿಯಲ್ಲಿ ಕಲಿಸತೊಡಗಿದರು. 1979ರಲ್ಲಿ ಅಮೆರಿಕದ ನಾಸಾ ಸಂಸ್ಥೆ ಇದಕ್ಕಾಗಿಯೇ ಒಂದು ಕಾರ್ಯಾಗಾರ ನಡೆಸಿತು. ಇವತ್ತು ಎಲ್ಲ ವಿಮಾನ ಸಿಬ್ಬಂದಿಗೂ ಈ ತರಬೇತಿ ಆಗಲೇಬೇಕು. ಆದರೆ ಕಲಿಸಿದ ಮಾತ್ರಕ್ಕೆ ಅಭ್ಯಾಸ ಹೋಗುವುದಿಲ್ಲ. 2010ರ ಮೇ 22ರಂದು ನಮ್ಮ ಮಂಗಳೂರಿನ ಬಜ್ಪೆಯಲ್ಲಿ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ಸತ್ತರು, ಎಂಟು ಜನ ಉಳಿದರು. ಇಳಿಯಬೇಡಿ, ಮತ್ತೆ ಮೇಲೇರಿ ಎಂಬ ಅರ್ಥದ ‘ಗೋ ಅರೌಂಡ್’ ಎಂಬ ಮಾತನ್ನು ಸಹಪೈಲಟ್ ಮೂರು ಸಲ ಹೇಳಿದ್ದರು ಎಂದು ತನಿಖೆ ಹೇಳಿತು. ಅದು ಗೋಪುರದ ಜೊತೆಗಿನ ರೇಡಿಯೊ ಮಾತಲ್ಲ. ಪಕ್ಕದ ಸೀಟಿಗೆ ಹೇಳಿದ ಮಾತು. ಒಂದೂವರೆ ಅಡಿ ದೂರದಲ್ಲೂ ಮಾತು ಮುಟ್ಟದೆ ಹೋಗಬಹುದು.

ಸಂಕೋಚ ಕೊಂದದ್ದು, ‘ಆಗಲ್ಲ’ ಉಳಿಸಿದ್ದು

ನಮ್ಮಂಥ ಹಳ್ಳಿಯವರಿಗೆ ಹೆಚ್ಚು ನಾಟುವುದು ಮುಂದಿನ ಕಥೆ.

1990ರ ಜನವರಿ 25. ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ಆವಿಯಾಂಕಾ ಕಂಪನಿಯ 52ನೇ ನಂಬರಿನ ವಿಮಾನ ನ್ಯೂಯಾರ್ಕಿಗೆ ಬಂತು. ಹವಾಮಾನ ಕೆಟ್ಟಿತ್ತು. ಒಂದು ಗಂಟೆಗೂ ಹೆಚ್ಚು ಹೊತ್ತು ಆಕಾಶದಲ್ಲೇ ಸುತ್ತು ಹಾಕಿಸಿದರು. ಇಂಧನ ಮುಗಿಯುತ್ತಾ ಬಂತು. ಕ್ಯಾಪ್ಟನ್‌ಗೆ ಇಂಗ್ಲಿಷ್ ಕಷ್ಟ. ರೇಡಿಯೊ ಮಾತೆಲ್ಲ ಸಹಪೈಲಟ್‌ನದು. ನ್ಯೂಯಾರ್ಕಿನ ಕಂಟ್ರೋಲರ್‌ಗಳು ವೇಗದ ಮಾತಿಗೆ ಹೆಸರಾದವರು.

ಸಹಪೈಲಟ್ ‘ಪ್ರಯಾರಿಟಿ’ ಕೊಡಿ ಎಂದರು, ಇಂಧನ ಮುಗಿಯುತ್ತಿದೆ ಎಂದರು. ಆದರೆ ‘ಮೇಡೇ’ ಎನ್ನಲಿಲ್ಲ. ‘ಎಮರ್ಜೆನ್ಸಿ’ ಎನ್ನಲಿಲ್ಲ. ಈ ಎರಡು ಮಾತಿನಲ್ಲಿ ಒಂದನ್ನು ಆಡಿದ್ದರೂ ಕಂಟ್ರೋಲರ್ ಉಳಿದೆಲ್ಲ ವಿಮಾನ ಸರಿಸಿ ದಾರಿ ಬಿಡುತ್ತಿದ್ದರು. ಮೊದಲ ಪ್ರಯತ್ನದಲ್ಲಿ ಇಳಿಯಲು ಆಗಲಿಲ್ಲ. ಮತ್ತೆ ದೂರ ಕರೆದೊಯ್ದು ತಿರುಗಿಸಿ ತರುತ್ತೇನೆ, ನಿಮಗೂ ನಿಮ್ಮ ಇಂಧನಕ್ಕೂ ಅದು ಆದೀತಾ ಎಂದು ಕಂಟ್ರೋಲರ್ ಕೇಳಿದರು. ಸಹಪೈಲಟ್ ಕೊಟ್ಟ ಉತ್ತರ ಹೀಗಿತ್ತು: ‘ಆಗಬಹುದು ಅನ್ಸುತ್ತೆ, ತುಂಬಾ ಥ್ಯಾಂಕ್ಸ್.’

ಕ್ಯಾಪ್ಟನ್ ಮಾತ್ರ ಪಕ್ಕದಲ್ಲಿ ತಮ್ಮ ಭಾಷೆಯಲ್ಲಿ ಕೇಳುತ್ತಿದ್ದರು, ಎಮರ್ಜೆನ್ಸಿ ಅಂತ ಹೇಳಿದೆಯಾ ಎಂದು. ಹೇಳಿದೆ ಸಾರ್ ಎಂದು ಉತ್ತರ ಬರುತ್ತಿತ್ತು.

ಒಂದೊಂದಾಗಿ ಎಂಜಿನ್ ನಿಂತವು. ವಿಮಾನ ಗುಡ್ಡದ ಮೇಲೆ ಬಿತ್ತು. ಬೆಂಕಿ ಹತ್ತಲಿಲ್ಲ, ಹತ್ತಲು ಇಂಧನವೇ ಇರಲಿಲ್ಲ. 158 ಜನರಲ್ಲಿ 73 ಜನ ಸತ್ತರು.

ಆ ಹುಡುಗನನ್ನು ನೆನೆದರೆ ನನಗೆ ನಮ್ಮ ಆಸ್ಪತ್ರೆಯ ಕಾರಿಡಾರುಗಳು ಕಾಣುತ್ತವೆ. ದೊಡ್ಡ ಡಾಕ್ಟರ ಮುಂದೆ ‘ಸ್ವಲ್ಪ ನೋವು ಸಾರ್’ ಎನ್ನುವ ನಮ್ಮ ಅಜ್ಜಂದಿರು. ಎದೆಯಲ್ಲಿ ಬೆಂಕಿ ಹತ್ತಿದ್ದರೂ ‘ಪರವಾಗಿಲ್ಲ ಸಾರ್’. ದೊಡ್ಡ ಊರಿನವರ ಮುಂದೆ ನಮ್ಮ ಕಷ್ಟವನ್ನು ಚಿಕ್ಕದು ಮಾಡಿ ಹೇಳುವುದನ್ನೇ ಮರ್ಯಾದೆ ಅಂದುಕೊಂಡಿದ್ದೇವೆ.

ಇದರ ಪಕ್ಕಕ್ಕೆ 2009ರ ಜನವರಿ 15 ಇಡಿ. ಅದೇ ನ್ಯೂಯಾರ್ಕ್. ಯುಎಸ್ ಏರ್‌ವೇಸ್ ವಿಮಾನ ಹಾರಿದ ಕೆಲವೇ ನಿಮಿಷಕ್ಕೆ ಹಕ್ಕಿಗಳ ಹಿಂಡು ಬಡಿದು ಎರಡೂ ಎಂಜಿನ್‌ಗಳ ಶಕ್ತಿ ಹೋಯಿತು. ಕ್ಯಾಪ್ಟನ್ ಸಲನ್‌ಬರ್ಗರ್. ನೆಲದಲ್ಲಿ ಕಂಟ್ರೋಲರ್ ಪ್ಯಾಟ್ರಿಕ್ ಹಾರ್ಟನ್. ಹಾರ್ಟನ್ ಹಿಂತಿರುಗಲು ರನ್‌ವೇ ಕೊಟ್ಟರು. ಕ್ಯಾಪ್ಟನ್ ‘ಅನೇಬಲ್’ ಎಂದರು. ಆಗಲ್ಲ. ಯಾಕೆ ಆಗಲ್ಲ ಎಂದು ಹಾರ್ಟನ್ ವಾದ ಮಾಡಲಿಲ್ಲ. ಬೇರೆ ದಾರಿ ಹುಡುಕಿಕೊಟ್ಟರು. ಅದಕ್ಕೂ ಆಗಲ್ಲ. ಕೊನೆಗೆ ಹಡ್ಸನ್ ನದಿಯಲ್ಲಿ ಇಳಿಯುತ್ತೇವೆ ಎಂದರು. ನೀರಿನ ಮೇಲೆ ಇಳಿಸಿದರು. 155 ಜನರೂ ಬದುಕಿದರು.

ಆ ಸಂಭಾಷಣೆಯ ಧ್ವನಿಮುದ್ರಿಕೆ ಇಂಟರ್‌ನೆಟ್‌ನಲ್ಲಿದೆ, ಫೋನಿನಲ್ಲೇ ಕೇಳಬಹುದು. ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಯಾರ ದನಿಯೂ ಏರುವುದಿಲ್ಲ. ‘ಪ್ಲೀಸ್’ ಇಲ್ಲ, ‘ಕ್ಷಮಿಸಿ, ಬೇಜಾರಾಗಬೇಡಿ’ ಎಂಬ ರಾಗ ಇಲ್ಲ. ಒಬ್ಬ ಆಗಲ್ಲ ಎಂದರೆ ಇನ್ನೊಬ್ಬ ನಂಬುತ್ತಾನೆ. ಮಿಲ್ಟ್ರಿ ಮಾವ ಮರ್ಯಾದೆ ಅಂದದ್ದು ಇದಕ್ಕೆ ಎಂದು ನನಗೆ ಹೊಳೆದದ್ದು ಅದನ್ನು ಕೇಳುವಾಗ.

‘ಮೇಡೇ’ ಪದಕ್ಕೂ ಒಂದು ಹಿನ್ನೆಲೆ ಇದೆ. 1920ರ ದಶಕದಲ್ಲಿ ಲಂಡನ್ನಿನ ಕ್ರಾಯ್ಡನ್ ವಿಮಾನ ನಿಲ್ದಾಣದ ರೇಡಿಯೊ ಅಧಿಕಾರಿ ಫ್ರೆಡರಿಕ್ ಮಾಕ್‌ಫರ್ಡ್ ಕೊಟ್ಟ ಪದ ಅದು. ಆಗ ಅಲ್ಲಿಂದ ವಿಮಾನಗಳು ಹೆಚ್ಚಾಗಿ ಪ್ಯಾರಿಸ್‌ಗೆ ಹೋಗಿಬರುತ್ತಿದ್ದವು. ಫ್ರೆಂಚ್ ಭಾಷೆಯಲ್ಲಿ ‘ನನಗೆ ಸಹಾಯ ಮಾಡಿ’ ಎನ್ನುವ ಮಾತಿನ ಸದ್ದು ಅದರಲ್ಲಿದೆ. ಮೂರು ಸಲ ಹೇಳಬೇಕು. ಹೇಳಿದ ಮೇಲೆ ಆ ತರಂಗದಲ್ಲಿ ಉಳಿದವರೆಲ್ಲ ಬಾಯಿ ಮುಚ್ಚಬೇಕು. ಈಗ ಇಂಧನ ಅಪಾಯಕ್ಕೆ ಇಳಿದಾಗ ಹೇಳಲೆಂದೇ ‘ಮೇಡೇ ಫ್ಯುಯೆಲ್’ ಎಂಬ ಮಾತು ನಿಯಮದಲ್ಲಿದೆ. ಅನ್ಸುತ್ತೆ, ಬಹುಶಃ ಎಂಬುದಕ್ಕೆ ಅಲ್ಲಿ ಜಾಗವಿಲ್ಲ.

ಹೊಲದ ಮೇಲೆ ಬಿದ್ದದ್ದು

ನಮ್ಮ ದೇಶದ ಅತಿ ದೊಡ್ಡ ವಿಮಾನ ದುರಂತವೂ ಇಲ್ಲಿ ಬರುತ್ತದೆ. 1996ರ ನವೆಂಬರ್ 12ರ ಸಂಜೆ. ದೆಹಲಿಯಿಂದ ಹಾರಿದ ಸೌದಿ ವಿಮಾನಕ್ಕೆ 14,000 ಅಡಿವರೆಗೆ ಏರಲು ಹೇಳಿದ್ದರು. ದೆಹಲಿಗೆ ಇಳಿಯಲು ಎದುರಿನಿಂದ ಬರುತ್ತಿದ್ದ ಕಝಕಸ್ತಾನದ ವಿಮಾನಕ್ಕೆ 15,000 ಅಡಿಯಲ್ಲಿ ಇರಲು ಹೇಳಿದ್ದರು. ನಡುವೆ ಸಾವಿರ ಅಡಿ ಅಂತರ. ಕಝಕ್ ವಿಮಾನ ಹೇಳಿದ ಎತ್ತರಕ್ಕಿಂತ ಕೆಳಗೆ ಇಳಿಯಿತು. ಎರಡೂ ಡಿಕ್ಕಿಯಾಗಿ ಹರಿಯಾಣದ ಚರ್ಖಿ ದಾದ್ರಿ ಹತ್ತಿರ ರೈತರ ಹೊಲಗಳ ಮೇಲೆ ಬಿದ್ದವು. 349 ಜನರೂ ಸತ್ತರು. ಸೌದಿ ವಿಮಾನದಲ್ಲಿ ಕೊಲ್ಲಿಗೆ ದುಡಿಯಲು ಹೊರಟ ನಮ್ಮಂಥ ಮನೆಗಳ ಮಕ್ಕಳೇ ತುಂಬಾ ಇದ್ದರು.

ಕಝಕ್ ವಿಮಾನದಲ್ಲಿ ಕಂಟ್ರೋಲರ್ ಜೊತೆ ಮಾತಾಡುತ್ತಿದ್ದವರು ವಿಮಾನ ಓಡಿಸುವ ಪೈಲಟ್ ಅಲ್ಲ, ಬೇರೊಬ್ಬ ರೇಡಿಯೊ ಆಪರೇಟರ್. ಸಿಬ್ಬಂದಿಗೆ ಇಂಗ್ಲಿಷ್ ಸರಿಯಾಗಿ ತಿಳಿಯದಿದ್ದದ್ದೂ ಒಂದು ಕಾರಣ ಎಂದು ತನಿಖೆ ಹೇಳಿತು. ಒಬ್ಬರು ಕೇಳಿಸಿಕೊಳ್ಳುವುದು, ಇನ್ನೊಬ್ಬರು ಮಾಡುವುದು. ಕಿವಿಗೂ ಕೈಗೂ ನಡುವೆ ಒಂದು ಮೆಟ್ಟಿಲು ಹೆಚ್ಚಾದರೆ ಅಲ್ಲಿ ಎಡವುವ ಸಾಧ್ಯತೆಯೂ ಹೆಚ್ಚು. ಆ ಮೇಲೆ ಹತ್ತಿರ ಬರುವ ವಿಮಾನಗಳನ್ನು ತಾನಾಗಿ ಎಚ್ಚರಿಸುವ ಯಂತ್ರ ಭಾರತದಲ್ಲಿ ಕಡ್ಡಾಯವಾಯಿತು. ವಿದೇಶಕ್ಕೆ ಹಾರುವ ಪೈಲಟ್‌ಗಳಿಗೆ, ಅವರ ಜೊತೆ ಮಾತಾಡುವ ಕಂಟ್ರೋಲರ್‌ಗಳಿಗೆ ಇಂಗ್ಲಿಷ್ ಮಾತಿನ ಪರೀಕ್ಷೆ 2008ರಿಂದ ಜಗತ್ತಿನಾದ್ಯಂತ ನಿಯಮವಾಯಿತು.

ಆ ಪರೀಕ್ಷೆ ಚಂದದ ಇಂಗ್ಲಿಷಿಗಲ್ಲ ಎಂಬುದನ್ನು ನಾವು ನೆನಪಿಡಬೇಕು. ಉಚ್ಚಾರದಲ್ಲಿ ನಿನ್ನ ಊರಿನ ವಾಸನೆ ಇದ್ದರೆ ತೊಂದರೆ ಇಲ್ಲ, ಹೇಳಿದ್ದು ಮುಟ್ಟಬೇಕು, ಅರ್ಥವಾಗದಿದ್ದರೆ ಕೇಳಲು ಬರಬೇಕು. ಡಿಪ್ಲೊಮಾ ಓದುವಾಗ ಇಂಗ್ಲಿಷ್ ಕ್ಲಾಸಿನಲ್ಲಿ ತಲೆ ತಗ್ಗಿಸಿ ಕೂತಿದ್ದ ನಮ್ಮಂಥವರಿಗೆ ಇದು ಸಣ್ಣ ಸಮಾಧಾನವಲ್ಲ.

ನಮ್ಮ ಕಂಬದ ಮೇಲೆ

ಇದೆಲ್ಲ ವಿಮಾನ ಹತ್ತುವವರ ಕಥೆ, ನಮಗೇನು ಅನ್ನಬಹುದು. ನಮ್ಮ ಊರುಗಳಲ್ಲೂ ಒಬ್ಬರನ್ನೊಬ್ಬರು ಕಾಣದೆ ದನಿಯನ್ನೇ ನಂಬಿ ಜೀವ ಒಪ್ಪಿಸುವವರಿದ್ದಾರೆ. ಅವರು ಲೈನ್‌ಮ್ಯಾನ್‌ಗಳು.

ಕಂಬ ಹತ್ತುವ ಮುಂಚೆ ಅವರು ಸಬ್‌ಸ್ಟೇಷನ್‌ಗೆ ಫೋನ್ ಮಾಡಿ ಲೈನ್ ಆಫ್ ಮಾಡಿಸುತ್ತಾರೆ. ಲೈನ್ ಕ್ಲಿಯರ್, ನಮ್ಮ ಕಡೆಯ ಮಾತಿನಲ್ಲಿ ‘ಎಲ್‌ಸಿ’. ಅದಕ್ಕೆ ನಂಬರ್ ಇದೆ, ರಿಜಿಸ್ಟರ್ ಇದೆ. ಕೆಲಸ ಮುಗಿದ ಮೇಲೆ ಅದೇ ನಂಬರ್ ಹೇಳಿ ಎಲ್‌ಸಿ ವಾಪಸ್ ಕೊಡಬೇಕು. ವಿಮಾನದವರ ನಿಯಮಕ್ಕೆ ಕಡಿಮೆ ಇಲ್ಲದ ನಿಯಮ. ಆದರೆ ಮಳೆಗಾಲದಲ್ಲಿ ಮರ ಬಿದ್ದು ಹತ್ತು ಊರಿಗೆ ಕರೆಂಟ್ ಇಲ್ಲದಾಗ, ಎಲ್ಲ ಕಡೆಯಿಂದ ಬೈಗುಳ ಬರುವಾಗ, ನಿಯಮ ಮೊದಲು ತೋಯುತ್ತದೆ.

ಕೆಲವು ವರ್ಷಗಳ ಹಿಂದೆ ಒಂದು ಆಷಾಢದಲ್ಲಿ ನಾನು ಆಸ್ಪತ್ರೆಯಲ್ಲಿ ಒಬ್ಬ ಲೈನ್‌ಮ್ಯಾನ್‌ನನ್ನು ಮಾತಾಡಿಸಿದೆ. ನನಗಿಂತ ಚಿಕ್ಕವನು. ಬಲಗೈ ಮೊಣಕೈವರೆಗೆ ತೆಗೆದಿದ್ದರು. ಅವನು ಹೇಳಿದ್ದು ಇಷ್ಟು.

“ಕಂಬದ ಮೇಲಿದ್ದೆ ಸಾರ್. ಫೋನ್ ಬಂತು. ‘ಬೇಗ ಮುಗಿಸಪ್ಪ, ಆಯ್ತಾ?’ ಅಂದ್ರು. ‘ಆಯ್ತು’ ಅಂದೆ.”

ಅವನ ‘ಆಯ್ತು’ ಅಂದರೆ ‘ಸರಿ, ಬೇಗ ಮುಗಿಸ್ತೀನಿ’. ಆ ಕಡೆ ಮಳೆಯ ಸದ್ದಿನಲ್ಲಿ ಕೇಳಿಸಿದ ‘ಆಯ್ತು’ ಅಂದರೆ ‘ಕೆಲಸ ಮುಗಿಯಿತು’. ನಂಬರ್ ಕೇಳಲಿಲ್ಲ, ನಂಬರ್ ಹೇಳಲಿಲ್ಲ. ಸ್ವಿಚ್ ಬಿತ್ತು.

ಟೆನರೀಫ್‌ನ ಆ ‘ಓಕೆ’ ನಮ್ಮ ಕನ್ನಡದಲ್ಲೂ ಇದೆ ಎಂದು ನನಗೆ ಅಂದು ಗೊತ್ತಾಯಿತು. ‘ಆಯ್ತು’ ಅಂದರೆ ಕೇಳಿಸಿತು. ‘ಆಯ್ತು’ ಅಂದರೆ ಒಪ್ಪಿದೆ. ‘ಆಯ್ತು’ ಅಂದರೆ ಮುಗಿಯಿತು. ಜಗಳದಲ್ಲಿ ‘ಆಯ್ತು ಬಿಡು’ ಅಂದರೆ ಇನ್ನು ಮಾತು ಬೇಡ. ಒಂದೇ ಪದ, ನಾಲ್ಕು ಅರ್ಥ. ಜಗಲಿಯಲ್ಲಿ ಕೂತು ಎದುರಿನವರ ಮುಖ ನೋಡುತ್ತಾ ಮಾತಾಡುವಾಗ ಇದು ನಮ್ಮ ಭಾಷೆಯ ಸೊಗಸು. ಮುಖ ಕಾಣದ ಕಡೆ, ಕೈ ತಂತಿಯ ಮೇಲಿರುವಾಗ, ಅದೇ ಸೊಗಸು ಕೈ ತಿನ್ನುತ್ತದೆ.

ಪತ್ರಿಕೆಯಲ್ಲಿ ಆ ಸುದ್ದಿ ನಾಲ್ಕು ಸಾಲಿನದು. ‘ವಿದ್ಯುತ್ ತಗುಲಿ ಲೈನ್‌ಮ್ಯಾನ್‌ಗೆ ಗಾಯ.’ ‘ಆಯ್ತು’ ಎಂಬ ಪದ ತಗುಲಿ ಎಂದು ಬರೆಯಲು ಅಲ್ಲಿ ಜಾಗವಿರಲಿಲ್ಲ. ಆ ಜಾಗ ಇಲ್ಲಿದೆ, ಅದಕ್ಕೇ ಇಲ್ಲಿ ಬರೆದೆ.

ಅವನ ಜೊತೆಗಾರರು ಈಗ ಮಾತಾಡುವ ಕ್ರಮ ಬದಲಾಗಿದೆ. ಮೊನ್ನೆ ಒಂದು ಕಂಬದ ಬುಡದಲ್ಲಿ ನಿಂತು ಕೇಳಿಸಿಕೊಂಡೆ. “ಎಲ್‌ಸಿ ನಂಬರ್ ಹದಿನಾಲ್ಕು, ಒಂದು ನಾಲ್ಕು, ವಾಪಸ್. ಮೂರು ಜನ ಹತ್ತಿದ್ದೆವು, ಮೂರು ಜನ ಕೆಳಗಿದ್ದೇವೆ. ಲೈನ್ ಚಾರ್ಜ್ ಮಾಡಬಹುದು.” ಆ ಕಡೆಯಿಂದ ಅದೇ ಮಾತು ಅದೇ ಕ್ರಮದಲ್ಲಿ ವಾಪಸ್ ಬಂತು. ‘ಆಯ್ತು’ ಎಂಬ ಪದ ಒಮ್ಮೆಯೂ ಬರಲಿಲ್ಲ. ಅವರಿಗೆ ಟೆನರೀಫ್ ಗೊತ್ತಿಲ್ಲ. ಗೆಳೆಯನ ಕೈ ಗೊತ್ತು.

ನೀವು 108ಕ್ಕೆ ಕರೆ ಮಾಡಿದಾಗ ಆ ಕಡೆಯವರು ಊರ ಹೆಸರನ್ನು, ಹತ್ತಿರದ ಗುರುತನ್ನು ಎರಡು ಸಲ ಕೇಳಿದರೆ ‘ಒಂದ್ಸಲ ಹೇಳಿದ್ದು ಕೇಳಿಸಲಿಲ್ವಾ’ ಎಂದು ರೇಗಬೇಡಿ. ಹೊಸೂರು, ಹೊಸಹಳ್ಳಿ ಎಂಬ ಊರು ಒಂದಲ್ಲ ಎರಡಲ್ಲ. ಅವರು ಕೇಳುತ್ತಿರುವುದು ನಿಮ್ಮ ಮೇಲಿನ ಅನುಮಾನದಿಂದಲ್ಲ, ತಮ್ಮ ಕಿವಿಯ ಮೇಲಿನ ಅನುಮಾನದಿಂದ. ಅವರು ತಿರುಗಿ ಹೇಳುವಾಗ ನೀವೂ ಸುಮ್ಮನಿದ್ದು ಕೇಳಿ. ತಪ್ಪಿದ್ದರೆ ‘ಅಲ್ಲ’ ಎನ್ನಿ, ಸರಿಯಿದ್ದರೆ ‘ಹೌದು, ಅದೇ ಊರು’ ಎನ್ನಿ. ‘ಹೂಂ’ ಅನ್ನಬೇಡಿ.